ಟ್ಯಾಬ್ ಲೆಕ್ಕ ಮಕ್ಕಳ ಕೈಗೆ: ಇಲ್ಲಿಯವರೆಗೆ ಆಗಿದ್ದು

ಜೂನ್

ಶಾಲೆಗೆ ಹೋಗದೆ ಮನೆಯಲ್ಲೇ ಓದುವ ನಮ್ಮ ಇಬ್ಬರು ಮಕ್ಕಳಿಗೆ ಪಾಠವೂ ಟ್ಯಾಬ್‌ನಲ್ಲೇ, ಆಟವೂ ಅದರಲ್ಲೇ. ಹಾಗಾಗಿ ಬರೀ ಗಂಟೆ ಎಣಿಸಿದರೆ ನಮಗೆ ಏನೂ ಗೊತ್ತಾಗುತ್ತಿರಲಿಲ್ಲ. ಭಾರತೀಯ ಮಕ್ಕಳ ವೈದ್ಯರ ಸಂಘ ಐಎಪಿ, 5ರಿಂದ 10 ವರ್ಷದವರಿಗೆ ದಿನಕ್ಕೆ 2 ಗಂಟೆಗಿಂತ ಕಡಿಮೆ ಸ್ಕ್ರೀನ್ ಸಾಕು ಅನ್ನುತ್ತದೆ. ಅದಕ್ಕಿಂತ ದೊಡ್ಡವರಿಗೆ ಇಷ್ಟೇ ಗಂಟೆ ಅಂತ ಹೇಳದೆ, ನಿದ್ದೆ, ಓಡಾಟ, ಓದು ಕೆಡದಂತೆ ನೋಡಿಕೊಳ್ಳಿ ಅನ್ನುತ್ತದೆ. ಮಗನಿಗೆ 8, ಮಗಳಿಗೆ 11. ಅವನಿಗೆ 2 ಗಂಟೆಯ ಗೆರೆ ಇಟ್ಟು, ಯಾವಾಗ, ಏನು ಅನ್ನೋದನ್ನು ಇಬ್ಬರಿಗೂ ಬಿಟ್ಟೆವು. ಟೈಮರ್ ಲಾಕ್ ತೆಗೆದೆವು. ನಮ್ಮ ಷರತ್ತು ಎರಡೇ: ಊಟದ ಹೊತ್ತಿಗೆ ಟ್ಯಾಬ್ ಇಲ್ಲ, ರಾತ್ರಿ ಅದು ಹಾಲ್‌ನಲ್ಲೇ ಚಾರ್ಜ್ ಆಗಬೇಕು.

ಜುಲೈ

ಇಬ್ಬರೂ ಒಂದು ನೋಟ್‌ಬುಕ್ ಇಟ್ಟರು. ಏನು, ಶುರು, ನಿಲ್ಲಿಸಿದ್ದು, ಆಮೇಲೆ ಹೇಗಿತ್ತು ಅಂತ ನಾಲ್ಕು ಕಾಲಂ. ಕೊನೆಯದು ಮಗಳ ಐಡಿಯಾ, ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿದ್ದೂ ಅದೇ. ಮಗನ ಒಂದು ಸಾಲು ಹೀಗಿದೆ: ‘ಜೆಸಿಬಿ ವಿಡಿಯೋ. 4 ಗಂಟೆಗೆ. ಅಮ್ಮ ಕರೆದಾಗ. ಕಣ್ಣು ಉರಿ, ಸಿಟ್ಟು.’ ಕೆಳಗೆ ಇನ್ನೊಂದು: ‘ಹಕ್ಕಿ ಆ್ಯಪ್. ಬೆಳಿಗ್ಗೆ. ಕೆರೆ ಸುತ್ತಿದ ಮೇಲೆ. ಚೆನ್ನಾಗಿತ್ತು.’ ಕೂಗು ಕೇಳಿಸಿಕೊಂಡು ಹಕ್ಕಿಯ ಹೆಸರು ಹೇಳೋ ಮರ್ಲಿನ್ ಹಿಡಿದು ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತಿದ್ದ.

ಜೆಸಿಬಿ ನೋಡಿದ್ರೆ ಯಾಕೆ ಸಿಟ್ಟು ಬರುತ್ತೆ ಅಂತ ಅವನೇ ಕೇಳಿದ. ಒಂದು ವಿಡಿಯೋ ಮುಗಿಯುತ್ತಿದ್ದಂತೆ ಇನ್ನೊಂದು ತಾನಾಗೇ ಓಡೋದನ್ನು ತೋರಿಸಿದೆ. “ಇದು ಮುಗಿಯೋದೇ ಇಲ್ವಾ!” ಅಂದವನು ಆಟೋಪ್ಲೇ ತಾನೇ ಆಫ್ ಮಾಡಿದ. ಈಗ ಎಷ್ಟು ವಿಡಿಯೋ ಅಂತ ಮೊದಲೇ ಹೇಳಿ ಕೂರುತ್ತಾನೆ. ಮುಗಿಯೋ ಜಾಗ ಕಣ್ಣಿಗೆ ಕಂಡರೆ ಮಕ್ಕಳು ನಿಲ್ಲಿಸುತ್ತಾರೆ. ಇದನ್ನು ಪೂರ್ತಿ ನಂಬಿಯೇ ಹೇಳುತ್ತಿದ್ದೇನೆ.

ಆಗಸ್ಟ್

ಮಕ್ಕಳೇ ಪ್ರೋಗ್ರಾಂ ಬರೆದು ಆಟ ಕಟ್ಟೋ ಸ್ಕ್ರ್ಯಾಚ್‌ನಲ್ಲಿ ಮಗಳು ಕವಡೆ ಹಾಕಿ ಆಡೋ ಚೌಕಾಬಾರ ಮಾಡುತ್ತಿದ್ದಾಳೆ. ಐದು ಗರಗಳಲ್ಲಿ ಯಾವುದಾದರೂ ಒಂದು ಬೀಳಲಿ ಅಂತ ಮೊದಲು ಬರೆದಳು. ಆಡಿ ನೋಡಿದರೆ ಚೌಕ, ಬಾರ ಪದೇ ಪದೇ ಬೀಳುತ್ತಿದ್ದವು. ಅಜ್ಜಿಯ ಕವಡೆ ಡಬ್ಬಿ ತೆಗೆದು ನೆಲದ ಮೇಲೆ ಹಾಕುತ್ತಾ ಕೂತಳು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಎರಡೂ ಅಪರೂಪ. ಆಮೇಲೆ ಒಂದೊಂದು ಕವಡೆಯನ್ನೂ ಬೇರೆ ಬೇರೆ ಎಸೆದು ಕೂಡಿಸೋ ಹಾಗೆ ಬರೆದಳು. ಅಂಗಾತ, ಬೋರಲು ಎರಡಕ್ಕೂ ಸಮ ಅವಕಾಶ ಅಂತಿಟ್ಟರೆ, 16ರಲ್ಲಿ 6 ಪಾಲು ಎರಡು ಅಂಗಾತ ಬೀಳೋ ಗರಕ್ಕೆ. ಚೌಕಕ್ಕೆ 1, ಬಾರಕ್ಕೆ 1. ಬೆಳಿಗ್ಗೆಯೆಲ್ಲ ಇದಕ್ಕೇ ಹೋಯ್ತು.

ಮಗ ತಕರಾರು ತೆಗೆದ: “ಅಕ್ಕಂದು ಪಾಠ, ನಂದು ಮಾತ್ರ ಆಟನಾ?” ನ್ಯಾಯವಾದ ಪ್ರಶ್ನೆ ಅಲ್ವಾ? ಇಬ್ಬರೂ ಕೂತು ‘ಮಾಡೋದು’, ‘ನೋಡೋದು’ ಅಂತ ಭಾಗ ಮಾಡಿದರು. ಅಕ್ಕ ಸುಮ್ನೆ ನೋಡಿದರೆ ಅವಳಿಗೂ ಮೊದಲೇ ಎಷ್ಟು ಅಂತ ಹೇಳೋ ನಿಯಮ. ‘ಮಾಡೋದಾ’ದರೂ ನಡುನಡುವೆ ಎದ್ದು ಹೊರಗೆ ಹೋಗಿ ಬರಬೇಕು. ಮಗನ 2 ಗಂಟೆಯೊಳಗೆ ಎರಡೂ ಸೇರುತ್ತವೆ. ಇದನ್ನು ಅವನು ಇನ್ನೂ ಪೂರ್ತಿ ಒಪ್ಪಿಲ್ಲ.

ಮುಂದೆ

ದಸರಾಕ್ಕೆ ಅಣ್ಣನ ಮಕ್ಕಳು ಮೈಸೂರಿಗೆ ಬರುತ್ತಾರೆ, ಎಲ್ಲರ ಕೈಲೂ ಫೋನ್. ಅವರಿಗೂ ನೋಟ್‌ಬುಕ್ ಕೊಡೋಣ ಅಂತ ಮಗ. ಬೇಡ, ಚೌಕಾಬಾರ ಆಡಿಸಿ ತಪ್ಪು ಹುಡುಕಿಸೋಣ ಅಂತ ಮಗಳು. ತೀರ್ಮಾನ ಅವರದೇ. ಹಬ್ಬ ಮುಗಿದ ಮೇಲೆ ಬರೆಯುತ್ತೇನೆ.