ನೆಟ್ ಹೋದಾಗ ಮೊದಲ ಮಾತು ನಮ್ಮದಾಗಿರಬೇಕು

ತುಮಕೂರಿನ ಒಂದು ಸಣ್ಣ ಬ್ರಾಡ್‌ಬ್ಯಾಂಡ್ ಸಂಸ್ಥೆಯಲ್ಲಿ ಗ್ರಾಹಕ ಸೇವೆಯ ಜವಾಬ್ದಾರಿ ನನ್ನದು. ಕ್ಯಾತ್ಸಂದ್ರದಿಂದ ಗುಬ್ಬಿ ಗೇಟ್‌ವರೆಗೆ, ಅದರಾಚೆ ಹೆಗ್ಗೆರೆಯ ತನಕ ನಮ್ಮ ಫೈಬರ್ ಹರಡಿದೆ. ಹೆಚ್ಚಿನ ಕಡೆ ಕಂಬದಿಂದ ಕಂಬಕ್ಕೆ ಎಳೆದದ್ದು, ಕೆಲವು ಕಡೆ ನೆಲದಡಿ ಹೂತದ್ದು. ಕಂಬದ ಮೇಲಿನ ಕೇಬಲ್‌ಗೆ ಎತ್ತರಕ್ಕೆ ಹೊರೆ ಹೇರಿದ ಲಾರಿ ಮತ್ತು ಮರದ ಕೊಂಬೆಯ ಭಯ, ನೆಲದಡಿಯದಕ್ಕೆ ಜೆಸಿಬಿಯ ಭಯ. ಲೈನ್ ಕಡಿಯುವುದೇ ಇಲ್ಲ ಎಂಬ ಭರವಸೆಯನ್ನು ನಮ್ಮ ಗಾತ್ರದ ಯಾವ ಸಂಸ್ಥೆಯೂ ಕೊಡಲಾರದು. ಕಡಿದಾಗ ಏನಾಗಿದೆ ಎಂದು ನಾವೇ ಮೊದಲು ತಿಳಿಸುತ್ತೇವೆ ಎಂಬ ಭರವಸೆಯನ್ನು ಕೊಡಬಹುದು, ಉಳಿಸಿಕೊಳ್ಳಲೂಬಹುದು. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಅತಿ ಮುಖ್ಯವಾದದ್ದು ಇದೇ.

ನೆಟ್ ಇಲ್ಲದ ಮನೆಯವರು ಕೇವಲ ಕಾಯುತ್ತಾ ಕುಳಿತಿರುತ್ತಾರೆ ಎಂದು ಭಾವಿಸುವುದು ಸರಿಯಲ್ಲ. ಅವರು ಏನೋ ಒಂದನ್ನು ತೀರ್ಮಾನಿಸಬೇಕಾಗಿರುತ್ತದೆ. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವವರು ನಮ್ಮ ಗ್ರಾಹಕರಲ್ಲಿ ಸಾಕಷ್ಟಿದ್ದಾರೆ. ಮಧ್ಯಾಹ್ನದ ತನಕ ಲೈನ್ ಬರುವುದು ಅನುಮಾನ ಎಂದು ಬೆಳಗ್ಗೆ ಏಳೂಕಾಲಕ್ಕೆ ಗೊತ್ತಾದರೆ ಅವರು ಬೆಂಗಳೂರಿನ ರೈಲು ಹಿಡಿಯುತ್ತಾರೆ, ಇಲ್ಲವೇ ನೆಂಟರ ಮನೆಗೆ ಲ್ಯಾಪ್‌ಟಾಪ್ ಒಯ್ಯುತ್ತಾರೆ. 'ಇನ್ನು ಅರ್ಧ ಗಂಟೆ ಸರ್' ಎಂದು ಹತ್ತು ಗಂಟೆಯವರೆಗೂ ಹೇಳುತ್ತಾ ಹೋದರೆ ರೈಲೂ ತಪ್ಪುತ್ತದೆ, ಆ ದಿನದ ರಜೆಯೂ ಹೋಗುತ್ತದೆ. ಪಹಣಿ, ಆಧಾರ್, ಪಿಂಚಣಿ ಅರ್ಜಿಗಳ ಸೇವಾ ಕೇಂದ್ರ ನಡೆಸುವವರ ಮುಂದೆ ಹಳ್ಳಿಯಿಂದ ಬಸ್ಸಿನಲ್ಲಿ ಬಂದ ಹಿರಿಯರು ಸಾಲಾಗಿ ಕುಳಿತಿರುತ್ತಾರೆ. ಅವರನ್ನು ಕೂರಿಸಿಕೊಳ್ಳಬೇಕೇ, ನಾಳೆ ಬನ್ನಿ ಎನ್ನಬೇಕೇ? ಎಂಜಿನಿಯರಿಂಗ್ ಸೀಟಿಗೆ ಆಯ್ಕೆ ದಾಖಲಿಸುವ ಕೊನೆಯ ದಿನ ಇನ್ನೊಂದು ಮನೆಯಲ್ಲಿ ಮಗಳು ಪರದಾಡುತ್ತಿರುತ್ತಾಳೆ. ಇವರೆಲ್ಲರಿಗೂ ನಿಜ ಸ್ಥಿತಿ ಬೇಕು. ಅದು ಕೆಟ್ಟ ಸುದ್ದಿಯಾದರೂ ಸರಿ.

ಮೊದಲು ತಿಳಿಸಬೇಕೆಂದರೆ ನಮಗೆ ಮೊದಲು ತಿಳಿಯಬೇಕು. ಇದಕ್ಕೆ ದುಬಾರಿ ವ್ಯವಸ್ಥೆಯೇನೂ ಬೇಕಿಲ್ಲ. ಎಲ್ಲ ಮನೆಗಳ ಫೈಬರ್ ಬಂದು ಸೇರುವ, ಕಚೇರಿಯಲ್ಲಿರುವ ಒಎಲ್‌ಟಿ ಯಂತ್ರದ ಒಂದೊಂದು ಪೋರ್ಟ್‌ನಿಂದ ಹೊರಡುವ ಒಂದೇ ಎಳೆ ಸ್ಪ್ಲಿಟರ್‌ಗಳಲ್ಲಿ ಕವಲೊಡೆದು ಸಾಮಾನ್ಯವಾಗಿ 64 ಮನೆಗಳವರೆಗೆ ತಲುಪುತ್ತದೆ. ಮನೆಯ ಮೋಡೆಮ್‌ಗೆ ಕರೆಂಟ್ ಹೋದರೆ ಅದು ಪೂರ್ತಿ ಆರುವ ಮುನ್ನ ಉಳಿದ ಚೂರು ವಿದ್ಯುತ್ತಿನಲ್ಲಿ 'ನನಗೆ ಕರೆಂಟ್ ಹೋಯಿತು' ಎಂಬ ಸಂಕೇತವೊಂದನ್ನು ಒಎಲ್‌ಟಿಗೆ ಕಳಿಸುತ್ತದೆ. ಈ ಸೌಲಭ್ಯಕ್ಕೆ ಡೈಯಿಂಗ್ ಗ್ಯಾಸ್ಪ್ ಎಂದು ಹೆಸರು. ಒಂದೇ ಪೋರ್ಟ್‌ನ ಐವತ್ತು ಮೋಡೆಮ್‌ಗಳು ಆ ಸಂಕೇತದೊಂದಿಗೆ ಆರಿದರೆ ಬಡಾವಣೆಯ ಕರೆಂಟ್ ಹೋಗಿದೆ ಎಂದರ್ಥ. ಸಂಕೇತವೇ ಇಲ್ಲದೆ ಒಟ್ಟಿಗೆ ಮಾಯವಾದರೆ ಎಲ್ಲೋ ಫೈಬರ್ ಕಡಿದಿದೆ. ಮೊದಲ ಕರೆ ಬರುವ ಮುನ್ನವೇ ಇಷ್ಟು ನಮ್ಮ ಪರದೆಯ ಮೇಲಿರುತ್ತದೆ. ಅದನ್ನು ನೋಡುವವರೊಬ್ಬರು ಇರಬೇಕು, ನೋಡಿದ ಕೂಡಲೇ ತಿಳಿಸುವ ಅಧಿಕಾರ ಅವರಿಗಿರಬೇಕು. ಮಾಲೀಕರನ್ನು ಕೇಳಿ, ಅವರು ತಂತ್ರಜ್ಞರನ್ನು ಕೇಳಿ, ಆಮೇಲೆ ಕಳಿಸಿದ ಸಂದೇಶವನ್ನು ಓದುವ ಹೊತ್ತಿಗೆ ಗ್ರಾಹಕರು ನಾಲ್ಕು ಸಲ ಫೋನ್ ಮಾಡಿರುತ್ತಾರೆ.

ಯಾವಾಗ ಸರಿಯಾಗುತ್ತದೆ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಕಡಿದ ಜಾಗ ಕಣ್ಣಿಗೆ ಬೀಳುವ ತನಕ ಅದಕ್ಕೆ ಪ್ರಾಮಾಣಿಕ ಉತ್ತರವಿಲ್ಲ. ಒಟಿಡಿಆರ್ ಉಪಕರಣ ಫೈಬರ್‌ನೊಳಗೆ ಬೆಳಕಿನ ಮಿಡಿತ ಹಾಯಿಸಿ, ಮರಳಿ ಬರುವ ಬೆಳಕನ್ನು ಅಳೆದು, ಕಡಿತ ಎಷ್ಟು ದೂರದಲ್ಲಿದೆ ಎಂದು ಹೇಳುತ್ತದೆ. ಅದು ಹೇಳುವುದು ಫೈಬರ್‌ನ ಉದ್ದವನ್ನು. ಕಂಬಗಳಲ್ಲಿ ಸುರುಳಿ ಸುತ್ತಿಟ್ಟ ಹೆಚ್ಚುವರಿ ಕೇಬಲ್ಲೂ ಆ ಲೆಕ್ಕದಲ್ಲಿ ಸೇರಿರುವುದರಿಂದ ರಸ್ತೆಯಲ್ಲಿ ಹುಡುಕಲೇಬೇಕು. ಹೀಗಾಗಿ ನಾವು ದುರಸ್ತಿಯ ಸಮಯದ ಬದಲು ಮುಂದಿನ ಮಾಹಿತಿಯ ಸಮಯವನ್ನು ಕೊಡುತ್ತೇವೆ. 'ಫೈಬರ್ ಕಡಿದಿದೆ, ಜಾಗ ಹುಡುಕುತ್ತಿದ್ದೇವೆ, ಹನ್ನೊಂದೂವರೆಗೆ ಮತ್ತೆ ತಿಳಿಸುತ್ತೇವೆ.' ಹನ್ನೊಂದೂವರೆಗೆ ಹೊಸದೇನೂ ಇರದಿದ್ದರೂ ಇನ್ನೂ ಹುಡುಕುತ್ತಿದ್ದೇವೆ ಎಂದು ಸಂದೇಶ ಹೋಗಲೇಬೇಕು. ಆ ಸಂದೇಶ ಬಾರದಿದ್ದರೆ ಅಲ್ಲಿಯವರೆಗೆ ಹೇಳಿದ್ದಕ್ಕೂ ಬೆಲೆಯಿರುವುದಿಲ್ಲ.

ಜಾಗ ಸಿಕ್ಕ ಮೇಲೆ ಜಾಯಿಂಟ್ ಕೆಲಸ. 24 ಎಳೆಗಳ ಕೇಬಲ್ ಪೂರ್ತಿ ಕಡಿದಿದ್ದರೆ 125 ಮೈಕ್ರಾನ್ ದಪ್ಪದ ಒಂದೊಂದು ಗಾಜಿನ ಎಳೆಯನ್ನೂ ಬಣ್ಣ ನೋಡಿ ಜೋಡಿ ಹುಡುಕಿ, ಸಿಪ್ಪೆ ಬಿಡಿಸಿ, ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ, ಸ್ಪ್ಲೈಸಿಂಗ್ ಯಂತ್ರದಲ್ಲಿ ಬೆಸೆಯಬೇಕು. ಧೂಳು ಕುಳಿತರೆ, ತೇವ ತಾಗಿದರೆ ಮತ್ತೆ ಮೊದಲಿನಿಂದ. ಒಂದು ಎಳೆ ಬೆಸೆದ ತಕ್ಷಣ ಆ ಎಳೆಯ ಮೇಲಿನ ಮನೆಗಳಿಗೆ ನೆಟ್ ಬಂದುಬಿಡುತ್ತದೆ, ಉಳಿದವರಿಗೆ ಬಂದಿರುವುದಿಲ್ಲ. ಮನಸ್ತಾಪ ಹುಟ್ಟುವುದು ಇಲ್ಲಿಯೇ. 'ಎದುರು ಮನೆಯವರಿಗೆ ಬಂತು, ನಮಗೇಕೆ ಇಲ್ಲ? ಅವರು ನಿಮಗೆ ಬೇಕಾದವರೇ?' ಎಂದು ಅಶೋಕನಗರದ ಹಿರಿಯರೊಬ್ಬರು ಕೇಳಿದ್ದರು. ಕೇಳುವ ಹಕ್ಕು ಅವರಿಗಿತ್ತು, ಏಕೆಂದರೆ ಅವರ ಕಣ್ಣಿಗೆ ಕಾಣುವುದು ಎದುರು ಮನೆ ಮಾತ್ರ. ಎಳೆ ಬೇರೆ, ಸ್ಪ್ಲಿಟರ್ ಬೇರೆ ಎಂದು ವಿವರಿಸಿದಾಗ ಅವರು ಒಪ್ಪಿದರು. ಅಂದಿನಿಂದ ಜಾಯಿಂಟ್ ಶುರುವಾಗುವಾಗಲೇ 'ಕೆಲವು ಮನೆಗಳಿಗೆ ಮೊದಲು, ಕೆಲವಕ್ಕೆ ನಂತರ ಬರುತ್ತದೆ' ಎಂಬ ಮಾತನ್ನು ಸೇರಿಸುತ್ತೇವೆ. ಮುಂಚೆಯೇ ಹೇಳಿದರೆ ಅದು ವಿವರಣೆ, ಕೇಳಿದ ಮೇಲೆ ಹೇಳಿದರೆ ನೆಪದಂತೆ ಕೇಳಿಸುತ್ತದೆ.

ಜಾಯಿಂಟ್ ಮಾಡುವ ಹುಡುಗರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮಳೆಯಲ್ಲಿ ಕೊಡೆಯಡಿ, ಟಾರ್ಚ್ ಬೆಳಕಿನಲ್ಲಿ, ರಸ್ತೆಯಂಚಿನಲ್ಲಿ ಕುಳಿತು ಗಾಜಿನ ಎಳೆ ಬೆಸೆಯುವವರ ಜೇಬಿನಲ್ಲಿ ಫೋನ್ ಒಂದೇ ಸಮನೆ ಹೊಡೆದುಕೊಳ್ಳುತ್ತಿರುತ್ತದೆ. ಸಂಪರ್ಕ ಕೊಡುವ ದಿನ ಮನೆಯವರಿಗೆ ತಮ್ಮ ನಂಬರ್ ಕೊಟ್ಟಿರುತ್ತಾರೆ, ಅದು ಅವರ ಒಳ್ಳೆಯತನ. ಆದರೆ ಪ್ರತಿ ಕರೆಯೂ ದುರಸ್ತಿಯನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆ. ಕಚೇರಿಯಿಂದ ಸಕಾಲಕ್ಕೆ ಮಾಹಿತಿ ಹೋದರೆ ಅವರಿಗೆ ಬರುವ ಕರೆಗಳು ತಾವಾಗಿಯೇ ಇಳಿಯುತ್ತವೆ. ಕಡಿತವಾದಾಗ ಅವರೊಂದಿಗೆ ಮಾತನಾಡುವುದು ಕಚೇರಿಯ ಒಬ್ಬರೇ, ಅದೂ ಮುಂದಿನ ಸಂದೇಶಕ್ಕೆ ಹತ್ತು ನಿಮಿಷ ಮುಂಚೆ ಮಾತ್ರ. ಮಾಲೀಕರೂ ಈ ಕಟ್ಟು ಮೀರುವಂತಿಲ್ಲ. ನಮ್ಮವರು ಮೀರುವುದಿಲ್ಲ, ಅದಕ್ಕೆ ನಾನು ಕೃತಜ್ಞ.

ಎಸ್‌ಎಂಎಸ್ ಕಳಿಸುವುದು ಹೊರಗಿನಿಂದ ಕಾಣುವಷ್ಟು ಸುಲಭವಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಗಳ ಪ್ರಕಾರ ಸಂಸ್ಥೆಗಳು ತಮ್ಮ ಸಂದೇಶದ ಮಾದರಿಯನ್ನು ಇಂಥ ನೋಂದಣಿಗೆಂದೇ ಇರುವ ಡಿಎಲ್‌ಟಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಿರಬೇಕು. ಕೇಬಲ್ ಕಡಿದ ಹೊತ್ತಿನಲ್ಲಿ ಮನಸ್ಸಿಗೆ ಬಂದದ್ದನ್ನು ಬರೆದು ಸಾವಿರ ಜನಕ್ಕೆ ಕಳಿಸಲಾಗದು. ಬಡಾವಣೆ, ಕಾರಣ, ಸಮಯ ಇವಿಷ್ಟಕ್ಕೆ ಜಾಗ ಬಿಟ್ಟ ಮಾದರಿಗಳನ್ನು ಬಿಡುವಿರುವ ದಿನವೇ ಬರೆದು ಒಪ್ಪಿಗೆ ಪಡೆದಿಡಬೇಕು. ಇಂಗ್ಲಿಷ್‌ನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ಒತ್ತು, ಗುಣಿತ, ಸೊನ್ನೆ ಎಲ್ಲವೂ ಬೇರೆ ಬೇರೆ ಲೆಕ್ಕ. 'ಕ್ಯಾತ್ಸಂದ್ರ' ಕಣ್ಣಿಗೆ ಮೂರೇ ಅಕ್ಷರ, ಲೆಕ್ಕಕ್ಕೆ 11. ಮಿತಿ ದಾಟಿದರೆ ಒಂದು ಸಂದೇಶಕ್ಕೆ ಎರಡರ ದುಡ್ಡು. ಖರ್ಚು ಉಳಿಸಲು ಇಂಗ್ಲಿಷ್‌ನಲ್ಲೇ ಕಳಿಸೋಣ ಎಂಬ ಸಲಹೆ ನಮ್ಮಲ್ಲೂ ಬಂದಿತ್ತು. ನಾನು ಒಪ್ಪಲಿಲ್ಲ. ಓದಿ ಅರ್ಥವಾಗದ ಸಂದೇಶ ಎಷ್ಟು ಅಗ್ಗವಾದರೂ ನಷ್ಟವೇ. ಕುಳಿತು ತಿದ್ದಿದಾಗ ಇದು ಸಿಕ್ಕಿತು: 'ಕ್ಯಾತ್ಸಂದ್ರ: ಫೈಬರ್ ಕಟ್. ದುರಸ್ತಿ ನಡೆದಿದೆ. ಮುಂದಿನ ಮಾಹಿತಿ 11:30ಕ್ಕೆ.' ನಡುವಿನ ಖಾಲಿ ಜಾಗ, ಚುಕ್ಕೆಗಳೂ ಸೇರಿ 65. ಬೇಕಾದದ್ದೆಲ್ಲ ಅದರಲ್ಲಿದೆ.

ವಾಟ್ಸ್ಆ್ಯಪ್ ಒಂದನ್ನೇ ನೆಚ್ಚಿಕೊಂಡಿರುವ ಸಂಸ್ಥೆಗಳಿವೆ. ಅವರು 2021ರ ಅಕ್ಟೋಬರ್ 4ರ ರಾತ್ರಿಯನ್ನು ನೆನಪಿಸಿಕೊಳ್ಳಲಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್ ಮೂರೂ ಜಗತ್ತಿನಾದ್ಯಂತ ಸುಮಾರು ಆರು ಗಂಟೆ ನಿಂತುಹೋದವು. ನಮ್ಮಲ್ಲಿ ರಾತ್ರಿ ಒಂಬತ್ತು ದಾಟಿದ ಹೊತ್ತು, ಮನೆಮಂದಿಯೆಲ್ಲ ಮೊಬೈಲ್ ಹಿಡಿದಿರುವ ಸಮಯ. ವಾಟ್ಸ್ಆ್ಯಪ್ ತೆರೆಯದಿದ್ದರೆ ಬಹಳ ಜನರಿಗೆ ನೆಟ್ಟೇ ಇಲ್ಲದಂತೆ, ಹಾಗಾಗಿ ಕರೆಗಳು ಸುರಿದವು. ನಮ್ಮ ಲೈನ್ ಚೆನ್ನಾಗಿದೆ ಎಂದು ತಿಳಿಸಲು ವಾಟ್ಸ್ಆ್ಯಪ್ ಗುಂಪೇ ಇರಲಿಲ್ಲ. ಆ ರಾತ್ರಿ ಕೆಲಸಕ್ಕೆ ಬಂದದ್ದು ಸಹಾಯವಾಣಿಯಲ್ಲಿ ಧ್ವನಿಮುದ್ರಿಸಿ ಹಾಕಿದ ಎರಡು ವಾಕ್ಯಗಳು. ಈಗಲೂ ದೊಡ್ಡ ಕಡಿತವಾದರೆ ಸಹಾಯವಾಣಿಯ ಸ್ವಾಗತದ ಮಾತನ್ನು ಮೊದಲು ಬದಲಿಸುತ್ತೇವೆ. ಸ್ಥಿತಿ ತಿಳಿಸುವ ಪುಟವನ್ನು ನಮ್ಮ ಸ್ವಂತ ಜಾಲದಲ್ಲಿ ಇಡದೆ ಬೇರೆಡೆ ಇಟ್ಟಿದ್ದೇವೆ. ನಮ್ಮ ಲೈನ್ ಬಿದ್ದಾಗ ಅದೂ ಬಿದ್ದರೆ ಇದ್ದೂ ಪ್ರಯೋಜನವಿಲ್ಲ.

ತಪ್ಪು ನಮ್ಮಿಂದ ಬಹು ದೂರದಲ್ಲಿದ್ದರೂ ಹೇಳುವ ಹೊಣೆ ನಮ್ಮದೇ. 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಜೆಡ್ಡಾ ಬಳಿ ಸಾಗರದಡಿಯ ಕೇಬಲ್‌ಗಳು ಕಡಿದು ಭಾರತವೂ ಸೇರಿ ಹಲವು ದೇಶಗಳಲ್ಲಿ ಸಂಪರ್ಕ ನಿಧಾನವಾಗಿತ್ತು. ಇಂಥ ಹೊತ್ತಿನಲ್ಲಿ 'ಮೇಲಿನಿಂದಲೇ ಸಮಸ್ಯೆ' ಎಂದು ಕೈತೊಳೆದುಕೊಂಡರೆ ಯಾರಿಗೂ ಏನೂ ತಿಳಿಯುವುದಿಲ್ಲ. ಎಲ್ಲಿ ಕಡಿದಿದೆ, ಯಾವ ತಾಣಗಳು ನಿಧಾನ, ಯಾವುವು ಸರಿಯಿವೆ ಎಂದರೆ ತುಮಕೂರಿನ ಗ್ರಾಹಕರಿಗೂ ಅರ್ಥವಾಗುತ್ತದೆ. ಜನರ ಗ್ರಹಿಕೆಯನ್ನು ನಮ್ಮ ಕ್ಷೇತ್ರದವರು ಕಡಿಮೆ ಅಂದಾಜು ಮಾಡುತ್ತಾರೆ, ಅದು ನನಗೆ ಬೇಸರದ ಸಂಗತಿ.

ಟ್ರಾಯ್‌ನ 2024ರ ಸೇವಾ ಗುಣಮಟ್ಟ ನಿಯಮಗಳಲ್ಲಿ ಜಿಲ್ಲಾ ಮಟ್ಟದ ದೊಡ್ಡ ವ್ಯತ್ಯಯ 24 ಗಂಟೆ ದಾಟಿದರೆ ಗ್ರಾಹಕರಿಗೆ ಪರಿಹಾರ ಕೊಡಬೇಕೆಂದಿದೆ. ಒಂದು ಬೀದಿಯ ಕಡಿತ ಆ ಅಳತೆಗೆ ಬರುವುದಿಲ್ಲ. ಆದರೂ ಪೂರ್ತಿ ದಿನ ಸೇವೆ ನಿಂತ ಮನೆಗಳ ರೀಚಾರ್ಜ್ ಅವಧಿಯನ್ನು ಅವರು ಕೇಳುವ ಮುನ್ನವೇ ಮುಂದಕ್ಕೆ ಹಾಕುತ್ತೇವೆ, ಹಾಕಿದ್ದನ್ನು ದುರಸ್ತಿ ಮುಗಿದಾಗ ಕಳಿಸುವ ಕೊನೆಯ ಸಂದೇಶದಲ್ಲಿ ತಿಳಿಸುತ್ತೇವೆ.

ಆ ಕೊನೆಯ ಸಂದೇಶದಲ್ಲಿ 'ಎಲ್ಲವೂ ಸರಿಯಾಗಿದೆ' ಎಂದು ಮಾತ್ರ ಬರೆಯಬಾರದು. ಮುಖ್ಯ ಕೇಬಲ್ ಸರಿಯಾದ ಮೇಲೂ ಒಂದೆರಡು ಮನೆಗಳಲ್ಲಿ ಕಂಬದಿಂದ ಮನೆಗೆ ಬರುವ ತಂತಿಯೂ ಅದೇ ಏಟಿಗೆ ಹೋಗಿರುತ್ತದೆ. ಎಲ್ಲರಿಗೂ ಬಂದಿದೆಯಂತೆ, ನಮ್ಮ ಮೋಡೆಮ್ಮೇ ಕೆಟ್ಟಿರಬೇಕು ಎಂದುಕೊಂಡು ಅವರು ಸುಮ್ಮನಾಗುತ್ತಾರೆ. ಆದ್ದರಿಂದ ನಾವು ಬರೆಯುವುದು ಹೀಗೆ: ಮೋಡೆಮ್ ಒಮ್ಮೆ ಆರಿಸಿ ಹಾಕಿ, ಆಮೇಲೂ ಕೆಂಪು ದೀಪ ಉರಿಯುತ್ತಿದ್ದರೆ ನಿಮ್ಮ ಮನೆಯ ತಂತಿ ಕಡಿದಿರಬಹುದು, ಕರೆ ಮಾಡಿ, ಇಂದೇ ಬರುತ್ತೇವೆ. ಜಾಯಿಂಟ್ ತಂಡ ಆ ಬಡಾವಣೆ ಬಿಟ್ಟು ಹೊರಡುವ ಮುನ್ನ ಈ ಸಂದೇಶ ಹೋಗಬೇಕು. ಏಣಿ, ಯಂತ್ರ ಎರಡೂ ಇನ್ನೂ ಅಲ್ಲೇ ಇರುತ್ತವೆ.