47, 62.6, 68 ಕೆ.ಜಿ.: ಫಾರ್ ಲ್ಯಾಪ್ ಜಾಡಿನಲ್ಲಿ ಮೆಲ್ಬರ್ನ್‌ನಿಂದ ವೆಲಿಂಗ್ಟನ್‌ಗೆ

ಮೆಲ್ಬರ್ನ್ ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿ ನಿಂತಿರುವ ರೇಸ್ ಕುದುರೆ ಫಾರ್ ಲ್ಯಾಪ್ ನಾವು ಎಣಿಸಿದ್ದಕ್ಕಿಂತ ದೊಡ್ಡದು. ಅದರ ಎತ್ತರ 17.1 ಹ್ಯಾಂಡ್ಸ್. ಒಂದು ಹ್ಯಾಂಡ್ ಅಂದರೆ ನಾಲ್ಕು ಇಂಚು. ಚುಕ್ಕೆಯ ಮುಂದಿನ 1 ದಶಮಾಂಶವಲ್ಲ, ಒಂದು ಇಂಚು. ಒಟ್ಟು 69 ಇಂಚು, ಅಂದರೆ 175 ಸೆಂ.ಮೀ. ಅದೂ ಕುತ್ತಿಗೆ ಮತ್ತು ಬೆನ್ನು ಸೇರುವ ಉಬ್ಬಿನವರೆಗೆ ಮಾತ್ರ, ತಲೆ ಅದರ ಮೇಲೆ. ಚೆಸ್ಟ್‌ನಟ್ ಬಣ್ಣದ ಚರ್ಮ, ಮುಖದ ಮೇಲೆ ಎದ್ದು ಕಾಣುವ ನರಗಳು. 1932ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕುದುರೆ ಸತ್ತ ಮೇಲೆ ಚರ್ಮವನ್ನು ಸತ್ತ ಪ್ರಾಣಿಯ ಚರ್ಮ ತುಂಬಿ ನಿಲ್ಲಿಸುವ ನ್ಯೂಯಾರ್ಕ್‌ನ ಜೋನಾಸ್ ಬ್ರದರ್ಸ್ ಎಂಬವರಿಗೆ ಕಳಿಸಿದರು. ಅವರ ಕೈಕೆಲಸಕ್ಕೆ ತೊಂಬತ್ತು ವರ್ಷ ದಾಟಿದೆ, ಆದರೂ ಎಲ್ಲೂ ಬೊಂಬೆ ಅನ್ನಿಸುವುದಿಲ್ಲ. ಮಕ್ಕಳ ಗುಂಪೆಲ್ಲ ಟ್ರೈಸೆರಾಟಾಪ್ಸ್ ಅಸ್ಥಿಪಂಜರದ ಕಡೆ ಓಡುವುದರಿಂದ ಇಲ್ಲಿ ನೆಮ್ಮದಿಯಾಗಿ ನಿಂತು ನೋಡಬಹುದು.

ಸತ್ತ ಮೇಲೆ ಈ ಕುದುರೆ ಮೂರು ಪಾಲಾಯಿತು. ಚರ್ಮ ಮೆಲ್ಬರ್ನ್‌ಗೆ, ಹೃದಯ ಕ್ಯಾನ್‌ಬೆರಾಗೆ, ಎಲುಬು ನ್ಯೂಜಿಲೆಂಡ್‌ನ ವೆಲಿಂಗ್ಟನ್‌ಗೆ. ಮೂರನ್ನೂ ನೋಡುವುದೇ ಈ ಪ್ರವಾಸದ ಉದ್ದೇಶ. ನಡುವೆ ಬಂದ ಸಿಡ್ನಿ, ಸಮುದ್ರತೀರ, ಕಾಂಗರೂ ಪಾರ್ಕುಗಳ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ.

ಮೊದಲು ಒಂದು ಎಚ್ಚರಿಕೆ. ಫಾರ್ ಲ್ಯಾಪ್ ಓಡಿದ ಮೆಲ್ಬರ್ನ್‌ನ ಫ್ಲೆಮಿಂಗ್ಟನ್ ರೇಸ್‌ಕೋರ್ಸ್‌ಗೆ ‘ಗೇಟಿನ ಬಾಯಲ್ಲೇ ರೈಲ್ವೆ ಸ್ಟೇಷನ್ ಇದೆ’ ಎಂದು ಒಂದು ಪ್ರವಾಸಿ ಜಾಲತಾಣ ಬರೆದುಕೊಂಡಿದೆ. ಸ್ಟೇಷನ್ ಇರುವುದು ನಿಜ. ಆದರೆ ಅಲ್ಲಿಗೆ ರೈಲು ಬರುವುದು ರೇಸ್ ಅಥವಾ ದೊಡ್ಡ ಕಾರ್ಯಕ್ರಮ ಇರುವ ದಿನ ಮಾತ್ರ ಎಂಬ ಮಾತೇ ಅದರಲ್ಲಿಲ್ಲ. ಅದನ್ನು ನಂಬಿ ಹೊರಟರೆ ಅರ್ಧ ದಿನ ಹಾಳು. ಉಳಿದ ದಿನ 57ನೇ ನಂಬರ್ ಟ್ರಾಮ್ ಹಿಡಿದು ಎಪ್ಸಮ್ ರೋಡ್‌ನಲ್ಲಿ ಇಳಿಯಬೇಕು. ಅಲ್ಲಿರುವ ಫಾರ್ ಲ್ಯಾಪ್ ಪ್ರತಿಮೆ ಫೋಟೊಗೆ ಚೆನ್ನ, ಅಷ್ಟೆ. ಮ್ಯೂಸಿಯಂನಲ್ಲಿ ಚರ್ಮ ನೋಡಿ ಬಂದವರಿಗೆ ಕಂಚು ಸಪ್ಪೆ.

ಮೆಲ್ಬರ್ನ್ ಕಪ್ ನವೆಂಬರ್‌ನ ಮೊದಲ ಮಂಗಳವಾರ ಇಲ್ಲೇ ನಡೆಯುತ್ತದೆ. ಫಾರ್ ಲ್ಯಾಪ್ ಕಾಲದಲ್ಲಿ ಎರಡು ಮೈಲಿ, 1972ರಿಂದ 3,200 ಮೀಟರ್. ಫಾರ್ ಲ್ಯಾಪ್ ಈ ರೇಸನ್ನು ಮೂರು ಸಲ ಓಡಿತು. ಹೆಚ್ಚಿನವರಿಗೆ ನಡುವಿನದೊಂದೇ ನೆನಪು. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಈ ಕುದುರೆ ಅರ್ಥವಾಗುವುದು.

ಕಪ್ ಒಂದು ಹ್ಯಾಂಡಿಕ್ಯಾಪ್ ರೇಸ್. ಬೆಂಗಳೂರು ರೇಸ್‌ಕೋರ್ಸ್ ಬಲ್ಲವರಿಗೆ ಇದು ಗೊತ್ತು: ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ತೂಕ, ಮಂದಗತಿಯದಕ್ಕೆ ಕಡಿಮೆ. ಎಲ್ಲವೂ ಒಂದೇ ಸಾಲಿನಲ್ಲಿ ಮುಗಿಸಲಿ ಎಂಬುದು ತೂಕ ಗೊತ್ತುಮಾಡುವ ಹ್ಯಾಂಡಿಕ್ಯಾಪರ್ ಕನಸು. 1929ರಲ್ಲಿ ಫಾರ್ ಲ್ಯಾಪ್ ಮೂರು ವರ್ಷದ ಮರಿ. ಸಿಡ್ನಿಯ ಎಜೆಸಿ (ಆಸ್ಟ್ರೇಲಿಯನ್ ಜಾಕಿ ಕ್ಲಬ್) ಡರ್ಬಿ, ಮೆಲ್ಬರ್ನ್‌ನ ವಿಕ್ಟೋರಿಯಾ ಡರ್ಬಿ ಎರಡನ್ನೂ ಗೆದ್ದಿತ್ತು. ವಯಸ್ಸಿನ ಲೆಕ್ಕದಲ್ಲಿ ಕಪ್‌ಗೆ ಸಿಕ್ಕಿದ ತೂಕ ಬರೀ 7 ಸ್ಟೋನ್ 6 ಪೌಂಡ್ (ಒಂದು ಸ್ಟೋನ್‌ಗೆ 14 ಪೌಂಡ್), ಅಂದರೆ 47 ಕೆ.ಜಿ. ಜನರೆಲ್ಲ ಇದರ ಮೇಲೆಯೇ ದುಡ್ಡು ಹಾಕಿದರು. ತೊಡಕಾದದ್ದೂ ಆ ಹಗುರ ತೂಕವೇ. ಡರ್ಬಿ ಗೆಲ್ಲಿಸಿದ್ದ ಜಾಕಿ ಜಿಮ್ ಪೈಕ್ ಅಷ್ಟು ಕಡಿಮೆ ತೂಕಕ್ಕೆ ಇಳಿಯಲಾರ. ಸವಾರಿ ಬಾಬಿ ಲೂಯಿಸ್ ಪಾಲಾಯಿತು. ಅವನೂ ನಾಲ್ಕು ಕಪ್ ಗೆದ್ದ ಹಳೇ ಹುಲಿ. ಮೊದಲ ಮೈಲಿ ನಿಧಾನವಾಗಿ ಸಾಗಿತು. ಲೂಯಿಸ್ ಲಗಾಮು ಬಿಗಿಹಿಡಿದ, ಕುದುರೆ ಅದರ ವಿರುದ್ಧ ಕತ್ತು ಎಳೆಯುತ್ತಲೇ ಓಡಿತು. ಹೀಗೆ ಎಳೆದಾಡುವ ಕುದುರೆ ಕೊನೆಯ ಎರಡು ಫರ್ಲಾಂಗಿಗೆ ಬೇಕಾದ ಕಸುವನ್ನು ಮೊದಲೇ ಸುರಿದುಬಿಡುತ್ತದೆ. ನೈಟ್‌ಮಾರ್ಚ್ ಗೆದ್ದಿತು, ಫಾರ್ ಲ್ಯಾಪ್ ಮೂರನೆಯದು. ಲೂಯಿಸ್ ಮತ್ತೆ ಅದರ ಮೇಲೆ ಕೂರಲಿಲ್ಲ.

1930ರಲ್ಲಿ ತೂಕ 9 ಸ್ಟೋನ್ 12 ಪೌಂಡ್‌ಗೆ, 62.6 ಕೆ.ಜಿ.ಗೆ ಏರಿತು. ಜೀನಿನ ಮೇಲೆ ಪೈಕ್. ದರ 8/11, ಹನ್ನೊಂದು ಪೌಂಡ್ ಕಟ್ಟಿದರೆ ಎಂಟು ಲಾಭ. ಕಟ್ಟಿದ್ದಕ್ಕಿಂತ ಲಾಭ ಕಡಿಮೆಯಿರುವ ದರದಲ್ಲಿ ಮೆಲ್ಬರ್ನ್ ಕಪ್ ಗೆದ್ದ ಕುದುರೆ ಇದೊಂದೇ. ಬುಕ್ಕಿಗಳಿಗೆ ನಡುಕ ಹುಟ್ಟಿದ್ದು ‘ಡಬಲ್’ ಕಾರಣಕ್ಕೆ. ಕಾಲ್‌ಫೀಲ್ಡ್ ಕಪ್‌ಗೊಂದು, ಮೆಲ್ಬರ್ನ್ ಕಪ್‌ಗೊಂದು ಕುದುರೆ ಸೇರಿಸಿ ಒಂದೇ ಚೀಟಿಯಲ್ಲಿ ಕಟ್ಟುವ ಬಾಜಿ ಅದು. ಎರಡೂ ಗೆದ್ದರೆ ಹಣ ಹಲವು ಪಟ್ಟು. ಕಾಲ್‌ಫೀಲ್ಡ್‌ನಲ್ಲಿ ಅಮೌನಿಸ್ ಗೆದ್ದಾಗಿತ್ತು, ಅಮೌನಿಸ್–ಫಾರ್ ಲ್ಯಾಪ್ ಜೋಡಿಯ ಚೀಟಿ ಊರ ತುಂಬ. ನವೆಂಬರ್ 1ರ ಶನಿವಾರ ಬೆಳಿಗ್ಗೆ ಟ್ರ್ಯಾಕ್ ಕೆಲಸ ಮುಗಿಸಿ ಕುದುರೆ ನೋಡಿಕೊಳ್ಳುವ ಆಳು ಟಾಮಿ ವುಡ್‌ಕಾಕ್ ಕುದುರೆ ಹಿಡಿದು ಬರುತ್ತಿದ್ದಾಗ ಕಾರಿನಿಂದ ಗುಂಡು ಹಾರಿತು. ವುಡ್‌ಕಾಕ್ ತನ್ನ ಪೋನಿಯನ್ನು ಅಡ್ಡ ತಂದದ್ದರಿಂದ ಕುದುರೆ ಉಳಿಯಿತು. ಅದೇ ಮಧ್ಯಾಹ್ನ ಮೆಲ್ಬರ್ನ್ ಸ್ಟೇಕ್ಸ್ ಗೆದ್ದಿತು! ಕಪ್‌ವರೆಗೆ ಜೀಲಾಂಗ್ ಹತ್ತಿರದ ಸೇಂಟ್ ಆಲ್ಬನ್ಸ್ ಸ್ಟಡ್‌ನಲ್ಲಿ ಬಚ್ಚಿಟ್ಟರು. ಮಂಗಳವಾರ ಮೂರು ಲೆಂಗ್ತ್‌ಗಳ (ಒಂದು ಲೆಂಗ್ತ್ ಅಂದರೆ ಒಂದು ಕುದುರೆಯ ಉದ್ದ) ಗೆಲುವು, ಗುರುವಾರ ಲಿನ್‌ಲಿತ್‌ಗೋ ಸ್ಟೇಕ್ಸ್, ಶನಿವಾರ ಫಿಶರ್ ಪ್ಲೇಟ್. ಎಂಟು ದಿನದೊಳಗೆ ನಾಲ್ಕು ರೇಸ್, ನಾಲ್ಕೂ ಗೆಲುವು. ಈಗಿನ ಯಾವ ಟ್ರೇನರ್‌ಗೂ ಇಷ್ಟು ಧೈರ್ಯವಿಲ್ಲ, ಇರಬಾರದು ಕೂಡ.

ಇನ್ನು ಮೂರನೆಯದು. ಮ್ಯೂಸಿಯಂನ ಗಾಜಿನ ಪಕ್ಕ ಕೂತಿದ್ದ ವಯಸ್ಸಾದ ಸಂದರ್ಶಕರೊಬ್ಬರು, ತಾವೂ ಲಾಯದಲ್ಲಿ ದುಡಿದವರು, ಮಾತು ತೆಗೆದದ್ದೇ ಅದರಿಂದ.

“ಕೊನೆಯ ಕಪ್‌ನಲ್ಲಿ ಇದರ ಮೇಲೆ ಎಷ್ಟು ಹೇರಿದ್ದರು ಗೊತ್ತಾ ನಿಮಗೆ?”

“68 ಕೆ.ಜಿ.”

“ಅದರಲ್ಲಿ ಜೀವಂತ ತೂಕ ಎಷ್ಟು, ಸತ್ತ ತೂಕ ಎಷ್ಟು? ಅದನ್ನು ಕೇಳಿ.”

ಅವರು ಬಿಡಿಸಿ ಹೇಳಿದ್ದು ಹೀಗೆ. ಜಾಕಿ, ಜೀನು ಸೇರಿ 56 ಕೆ.ಜಿ. ಇದ್ದರೆ ಉಳಿದ 12 ಕೆ.ಜಿ.ಗೆ ಸೀಸದ ಪಟ್ಟಿ. ಜೀನಿನ ಕೆಳಗೆ ಹಾಸುವ ಬಟ್ಟೆಯ ಜೇಬುಗಳಲ್ಲಿ ಅದನ್ನು ತುಂಬುತ್ತಾರೆ. ಸವಾರ ಕುದುರೆಯ ಲಯಕ್ಕೆ ಏಳುತ್ತಾನೆ, ಬಾಗುತ್ತಾನೆ. ಸೀಸಕ್ಕೆ ಲಯ ಗೊತ್ತಿಲ್ಲ. ಪ್ರತಿ ನೆಗೆತಕ್ಕೂ ಅದು ಒಂದೇ ಕಡೆ ಕುಕ್ಕುತ್ತದೆ. ಎರಡು ಬದಿಗೂ ಸಮ ತುಂಬದಿದ್ದರೆ ಜೀನು ಜಾರುತ್ತದೆ, ತೀರಾ ಹಿಂದೆ ಇಟ್ಟರೆ ಸೊಂಟಕ್ಕೆ ಪೆಟ್ಟು. ರೇಸ್ ಮುಗಿದ ಮೇಲೆ ಮತ್ತೆ ತಕ್ಕಡಿ ಹತ್ತಬೇಕು. ತೂಕ ಕಡಿಮೆ ಬಂದರೆ ಗೆಲುವೂ ಹೋಯಿತು.

“ಒಂದೂವರೆ ಕೆ.ಜಿ.ಗೆ ಒಂದು ಲೆಂಗ್ತ್ ಅಂತ ನಮ್ಮ ಕಡೆ ಲೆಕ್ಕ,” ಅಂದರು. “ಎರಡು ಮೈಲಿಗೆ ಆ ಲೆಕ್ಕವೂ ಸಾಲದು.”

1931ರ ಗೆಲುವು ವೈಟ್ ನೋಸ್ ಎಂಬ ಕುದುರೆಯದು, ಅದರ ತೂಕ 6 ಸ್ಟೋನ್ 12 ಪೌಂಡ್. ಫಾರ್ ಲ್ಯಾಪ್‌ಗೆ 10 ಸ್ಟೋನ್ 10. ನಡುವೆ 24 ಕೆ.ಜಿ.ಗೂ ಮೀರಿದ ಅಂತರ. ಆವರೆಗೆ, ಇವತ್ತಿಗೂ, ಕಪ್ ಗೆದ್ದ ಅತಿ ಹೆಚ್ಚಿನ ತೂಕ 1890ರಲ್ಲಿ ಕಾರ್ಬೈನ್ ಹೊತ್ತ 10 ಸ್ಟೋನ್ 5. ಅಂದರೆ ದಾಖಲೆಗಿಂತಲೂ ಐದು ಪೌಂಡ್ ಹೆಚ್ಚು ಹೇರಿದ್ದರು. ಕುದುರೆ ಎಂಟನೆಯದಾಗಿ ಬಂತು. 1930ರ ಆರಂಭದ ಸೇಂಟ್ ಲೆಜರ್ ರೇಸ್‌ನಿಂದ ಕೊನೆಯ ರೇಸ್‌ವರೆಗೆ ಓಡಿದ 35ರಲ್ಲಿ ಗೆದ್ದದ್ದು 32. ಸೋತ ಮೂರರಲ್ಲಿ ಎರಡು ಕೂದಲೆಳೆಯ ಸೋಲು, ಹೀನಾಯ ಅನ್ನಬಹುದಾದದ್ದು ಈ ಕಪ್ ಒಂದೇ. ಹಾಗಾಗಿ ಈ ಎಂಟನೇ ಸ್ಥಾನಕ್ಕೆ ಕುದುರೆಯನ್ನು ದೂರುವುದು ನ್ಯಾಯವಲ್ಲ.

ಇಲ್ಲಿ ಇನ್ನು ಗೆಲ್ಲಲು ಬಿಡುವುದಿಲ್ಲ ಎಂದು ಗೊತ್ತಾದ ಮೇಲೆ ಮಾಲೀಕ ಡೇವಿಸ್ ಅದನ್ನು ಹಡಗು ಹತ್ತಿಸಿದ. ಮೆಕ್ಸಿಕೊದ ಟಿಹುವಾನಾದಲ್ಲಿ ಅಗುವಾ ಕಾಲಿಯೆಂಟೆ ಹ್ಯಾಂಡಿಕ್ಯಾಪ್, 1932ರ ಮಾರ್ಚ್ 20. ಹುಲ್ಲಿನ ಬದಲು ಮಣ್ಣಿನ ಟ್ರ್ಯಾಕ್, ಸೀಳಿದ ಗೊರಸು, 58.5 ಕೆ.ಜಿ. ಜಾಕಿ ಬಿಲ್ಲಿ ಎಲಿಯಟ್ ಹಿಂದೆ ಉಳಿದು, ಹೊರಬದಿಯಿಂದ ಸುತ್ತಿ ಬಂದು ಎರಡು ಲೆಂಗ್ತ್‌ಗಳಲ್ಲಿ ಗೆದ್ದ, ಅದೂ ಟ್ರ್ಯಾಕ್ ದಾಖಲೆಯ ಸಮಯದಲ್ಲಿ. ಒಂದೂವರೆ ಸ್ಟೋನ್ ಇಳಿಸಿದ ಮೇಲೆ ಕುದುರೆ ಮತ್ತೆ ಹಳೇ ಕುದುರೆಯೇ. ಏಪ್ರಿಲ್ 5ಕ್ಕೆ ಸಾವು. ಆಗ ವಯಸ್ಸು ಐದೂವರೆ. 51 ರೇಸ್, 37 ಗೆಲುವು.

ಕ್ಯಾನ್‌ಬೆರಾದಲ್ಲಿ ಹೃದಯ ನೋಡಲು ನ್ಯಾಷನಲ್ ಮ್ಯೂಸಿಯಂಗೆ ಹೋಗಬೇಕು. ಪ್ರವೇಶ ಉಚಿತ, ಕಾರಿನಲ್ಲಿ ಹೋದರೆ ಪಾರ್ಕಿಂಗ್‌ಗೆ ದುಡ್ಡು. ತೂಕ 6.2 ಕೆ.ಜಿ., ಸಾಮಾನ್ಯ ಕುದುರೆಯದು 3.2 ಎಂದು ಮ್ಯೂಸಿಯಂ ಹೇಳುತ್ತದೆ. ಜನ ಸುತ್ತುಗಟ್ಟಿ ನಿಲ್ಲುವುದು ಇದರ ಮುಂದೆಯೇ. ನಮಗೆ ಇದು ಅಷ್ಟೇನೂ ಹಿಡಿಸಲಿಲ್ಲ. ಹೃದಯ ದೊಡ್ಡದಿದ್ದರೆ ಒಂದು ಬಡಿತಕ್ಕೆ ಹೆಚ್ಚು ರಕ್ತ, ಹೆಚ್ಚು ಆಮ್ಲಜನಕ, ಅಷ್ಟು ಸರಿ. ಆದರೆ ದೊಡ್ಡ ಹೃದಯದ ಸಾಧಾರಣ ಕುದುರೆಗಳೂ ಇವೆ. ಅಮೆರಿಕದ ಹೆಸರಾಂತ ರೇಸ್ ಕುದುರೆ ಸೆಕ್ರೆಟೇರಿಯಟ್‌ನ ಹೃದಯ 22 ಪೌಂಡ್ ಎಂದು ಎಲ್ಲೆಲ್ಲೂ ಓದುತ್ತೇವಲ್ಲ, ಅದನ್ನು ಯಾರೂ ತಕ್ಕಡಿಗೆ ಹಾಕಿರಲಿಲ್ಲ, ಕಣ್ಣಂದಾಜು.

ಸಾವಿನ ವಿಷಯಕ್ಕೆ ಬೇಕಾದ ಸಾಕ್ಷಿ ಇರುವುದು ಮೆಲ್ಬರ್ನ್‌ನ ಚರ್ಮದಲ್ಲಿ. ಕತ್ತಿನ ಆರು ಕೂದಲನ್ನು ಸಿಂಕ್ರೊಟ್ರಾನ್ ಎಂಬ ಯಂತ್ರದ ಪ್ರಬಲ ಎಕ್ಸ್-ರೇ ಕಿರಣದಲ್ಲಿ ಪರೀಕ್ಷಿಸಿ, ಸಾವಿಗೆ 30ರಿಂದ 40 ಗಂಟೆ ಮೊದಲು ದೊಡ್ಡ ಪ್ರಮಾಣದ ಆರ್ಸೆನಿಕ್ ಒಳಹೋಗಿದೆ ಎಂದು 2008ರಲ್ಲಿ ಪ್ರಕಟಿಸಿದರು. ಬುಕ್ಕಿಗಳೇ ವಿಷ ಹಾಕಿದರು ಎಂದು ಹಾರಬೇಕಿಲ್ಲ. ಟ್ರೇನರ್ ಹ್ಯಾರಿ ಟೆಲ್‌ಫರ್ಡ್‌ನ ಟಾನಿಕ್ ಪುಸ್ತಕವನ್ನು ಮೆಲ್ಬರ್ನ್ ಮ್ಯೂಸಿಯಂ ಅದೇ ವರ್ಷ ಹರಾಜಿನಲ್ಲಿ 37,000 ಡಾಲರ್‌ಗೆ ಕೊಂಡಿತು. ಅವನ ಕೈಬರಹದ ಪಾಕವಿಧಾನಗಳಲ್ಲೇ ಆರ್ಸೆನಿಕ್, ಸ್ಟ್ರಿಕ್ನಿನ್ ಇವೆ. ಆ ಕಾಲದ ಲಾಯಗಳಲ್ಲಿ ಅವು ಹಸಿವು ಹೆಚ್ಚಿಸುವ ಔಷಧ. ಹನಿ ಲೆಕ್ಕ ತಪ್ಪಿದರೆ ಸಾಕು.

ವೆಲಿಂಗ್ಟನ್‌ನ ಟೆ ಪಾಪಾ ಮ್ಯೂಸಿಯಂನಲ್ಲಿರುವ ಅಸ್ಥಿಪಂಜರವೇ ಮೂರರಲ್ಲಿ ಶ್ರೇಷ್ಠ, ಮತ್ತು ಅತಿ ಕಡಿಮೆ ಜನ ನಿಲ್ಲುವುದೂ ಅಲ್ಲೇ. ಮೊದಲು ಜೋಡಿಸಿದಾಗ ಎಲುಬುಗಳು ಜೀವಂತ ಕುದುರೆಯಂತೆ ನಿಂತಿರಲಿಲ್ಲ. ಪಶುವೈದ್ಯರೊಬ್ಬರು ಅದನ್ನು ಎತ್ತಿ ತೋರಿಸಿದ ಮೇಲೆ ಬಿಚ್ಚಿ ಮರುಜೋಡಿಸಿದ್ದಾರೆ. ಪಕ್ಕದಿಂದ ನೋಡಿ: ಹೆಗಲೆಲುಬಿನ ಓರೆ, ತೊಡೆಯೆಲುಬಿನ ಉದ್ದ, ಆಳವಾದ ಎದೆಗೂಡು. ಆಮೇಲೆ ಮುಂಗಾಲಿನ ಮಣಿಕಟ್ಟಿನ ಕೆಳಗಿನ ಎಲುಬಿಗೆ ಬನ್ನಿ. 68 ಕೆ.ಜಿ. ಹೊತ್ತು ಓಡುವಾಗ ಪ್ರತಿ ನೆಗೆತದಲ್ಲೂ ಒಂದು ಗಳಿಗೆ ಇಡೀ ಮೈಭಾರ ಬೀಳುವುದು ಇಂಥ ಒಂದೇ ಎಲುಬಿನ ಮೇಲೆ. ದಪ್ಪ ಅಳೆಯಲು ಸ್ಕೇಲು ಬೇಕಿಲ್ಲ, ನಿಮ್ಮದೇ ಮೊಣಕೈ ಮುಂದಿಟ್ಟು ನೋಡಿ.

ವಿದೇಶಿ ವಯಸ್ಕರಿಗೆ 2024ರ ಸೆಪ್ಟೆಂಬರ್‌ನಿಂದ ಇಲ್ಲಿ 35 ನ್ಯೂಜಿಲೆಂಡ್ ಡಾಲರ್ ಟಿಕೆಟ್. ಹಳೆಯ ಗೈಡ್‌ಗಳಲ್ಲಿ ಇನ್ನೂ ‘ಉಚಿತ’ ಎಂದೇ ಇದೆ. ಸಮಯ ಉಳಿದರೆ ಹಟ್ ಕಣಿವೆಯ ರೈಲು ಹತ್ತಿ ಟ್ರೆಂಥಮ್‌ನಲ್ಲಿ ಇಳಿಯಿರಿ. ತಿಮಾರು ಹತ್ತಿರದ ಸೀಡೌನ್‌ನಲ್ಲಿ ಹುಟ್ಟಿದ ಈ ಮರಿಯನ್ನು 1928ರ ಜನವರಿಯಲ್ಲಿ 160 ಗಿನಿಗೆ (ಗಿನಿ ಆಗಿನ ಹಣದ ಲೆಕ್ಕ) ಹರಾಜು ಹಾಕಿದ್ದು ಅಲ್ಲೇ. ಕುದುರೆ ಸಿಡ್ನಿ ಮುಟ್ಟಿದಾಗ ಡೇವಿಸ್‌ಗೆ ಅದರ ರೂಪ ಹಿಡಿಸಲಿಲ್ಲ, ತರಬೇತಿಗೆ ಬಿಡಿಗಾಸೂ ಕೊಡಲಾರೆ ಅಂದ. ಟೆಲ್‌ಫರ್ಡ್ ಮೂರು ವರ್ಷಕ್ಕೆ ಗುತ್ತಿಗೆ ಹಿಡಿದ: ಖರ್ಚೆಲ್ಲ ತನ್ನದು, ಗೆದ್ದದ್ದರಲ್ಲಿ ಮೂರನೇ ಎರಡು ಪಾಲೂ ತನ್ನದು. ಮೊದಲ ರೇಸ್‌ನಲ್ಲಿ ಕುದುರೆ ಕಟ್ಟಕಡೆಗೆ ಬಂತು.