ಹಳೇ ಮನೆಗೆ ಎರಡನೇ ಬಾತ್‌ರೂಮ್: ಮೊದಲು ಚೇಂಬರ್ ಮುಚ್ಚಳ ತೆಗೆಯಿರಿ

ಎಪ್ಪತ್ತು–ಎಂಬತ್ತರ ದಶಕದಲ್ಲಿ ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಕಟ್ಟಿದ ಮನೆಗಳಲ್ಲಿ ಬಚ್ಚಲು ಸಾಮಾನ್ಯವಾಗಿ ಹಿಂದುಗಡೆ, ಅಡುಗೆಮನೆ ದಾಟಿ ಹೋದ ಮೇಲೆ ಸಿಗುತ್ತದೆ. ವಯಸ್ಸಾದವರಿಗೆ ರಾತ್ರಿ ಎದ್ದು ಅಷ್ಟು ದೂರ ನಡೆಯುವುದು ಕಷ್ಟವಾದಾಗ, ಮಲಗುವ ಕೋಣೆಯಲ್ಲೇ ಇನ್ನೊಂದು ಬಾತ್‌ರೂಮ್ ಮಾಡಿಸುವ ಮಾತು ಬರುತ್ತದೆ. ಎಲ್ಲರೂ ಮೊದಲು ಯಾವ ಮೂಲೆ ಖಾಲಿ ಇದೆ ಅಂತ ನೋಡುತ್ತಾರೆ. ಅದಕ್ಕೂ ಮುಂಚೆ ಹೊರಗೆ ಹೋಗಿ ಯುಜಿಡಿ (ಒಳಚರಂಡಿ) ಚೇಂಬರಿನ ಮುಚ್ಚಳ ತೆಗೆಸಿ. ಬಾತ್‌ರೂಮ್ ಎಲ್ಲಿ ಬರಬಹುದು ಅನ್ನುವುದನ್ನು ತೀರ್ಮಾನಿಸುವುದು ಆ ಗುಂಡಿಯ ಆಳ.

ಅಳತೆ ಸುಲಭ. ನೀರು ತುಂಬಿದ ಮಟ್ಟದ ಟ್ಯೂಬ್ ಹಿಡಿದು ಕೋಣೆಯ ನೆಲದ ಮಟ್ಟವನ್ನು ಹೊರಗಿನ ಗೋಡೆಯ ಮೇಲೆ ಗುರುತು ಮಾಡಿಸಿ. ಆ ಗುರುತಿನಿಂದ ಚೇಂಬರಿನ ಒಳಗೆ ನೀರು ಹರಿಯುವ ತಳಕ್ಕೆ ಎಷ್ಟು ಇಳಿಜಾರು ಸಿಗುತ್ತದೆ ನೋಡಿ. 110 ಎಂಎಂ ಪಿವಿಸಿ ಪೈಪಿಗೆ ಅಡಿಗೆ ಕಾಲು ಇಂಚು ವಾಟ (ಇಳಿಜಾರು) ಬೇಕು. ಅಂದರೆ 10 ಅಡಿಗೆ ಎರಡೂವರೆ ಇಂಚು, 30 ಅಡಿಗೆ ಏಳೂವರೆ. ಇದರ ಜೊತೆಗೆ ನಹಾನಿ ಟ್ರ್ಯಾಪ್ (ಬಚ್ಚಲ ನೀರು ಇಳಿಯುವ ಬಾಯಿ) ಮತ್ತು ಅದರ ಬೆಂಡ್ ಕೂರಲು ನೆಲದ ಕೆಳಗೆ ಸುಮಾರು 9 ಇಂಚು ಹೋಗುತ್ತದೆ. ಹಾಗಾಗಿ 30 ಅಡಿ ದೂರದ ಚೇಂಬರಿಗೆ ಹದಿನಾರೂವರೆ ಇಂಚಾದರೂ ಬೇಕು, ಮೇಲೆ ಅರ್ಧ ಅಡಿ ಕೈಯಲ್ಲಿ ಉಳಿದರೆ ನೆಮ್ಮದಿ. ಪಾಯದ ಎತ್ತರ ಒಂದೂವರೆ ಅಡಿ ಇರುವ ಮನೆಯಲ್ಲಿ ಇದು ಸಾಮಾನ್ಯವಾಗಿ ಸಿಗುತ್ತದೆ. ತೊಂದರೆ ಇರುವುದು ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆಯೇ ಮೇಲೆ ಬಂದಿರುವ ಕಡೆ. ಅಲ್ಲಿ ಮನೆಯ ನೆಲ ರಸ್ತೆಗೆ ಸಮವಾಗಿಯೋ ಕೆಳಗೋ ಇರುತ್ತದೆ. ಜೋರು ಮಳೆಯಲ್ಲಿ ಒಳಚರಂಡಿ ನೀರು ವಾಪಸ್ ನುಗ್ಗುತ್ತದೆ. ಅಂಥ ಮನೆಗೆ ಕೊನೆಯ ಚೇಂಬರಿನಲ್ಲಿ ನಾನ್-ರಿಟರ್ನ್ ವಾಲ್ವ್ ಹಾಕಿಸದೆ ಹೊಸ ಬಾತ್‌ರೂಮ್ ಮಾಡಿಸಬೇಡಿ.

ಹಳೇ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪನ್ನೂ ಪರೀಕ್ಷಿಸಿ. ಮೇಲಿನ ಚೇಂಬರಿಗೆ ಎರಡು ಬಕೆಟ್ ನೀರು ಒಟ್ಟಿಗೆ ಸುರಿದು, ಕೆಳಗಿನ ಚೇಂಬರಿನಲ್ಲಿ ಒಬ್ಬರು ನಿಂತು ನೋಡಲಿ. ನೀರು ತಡವಾಗಿ, ತೆಳ್ಳಗೆ ಬಂದರೆ ಸಿಮೆಂಟ್ ಜಾಯಿಂಟ್ ಬಿಟ್ಟು ತೆಂಗಿನ ಬೇರೋ ಮಣ್ಣೋ ಒಳಗೆ ಸೇರಿದೆ ಎಂದು ಅನುಮಾನಿಸಬೇಕು. ಅದರ ಮೇಲೆ ಇನ್ನೊಂದು ಕಮೋಡಿನ ಭಾರ ಹಾಕುವ ಮೊದಲು ಆ ಲೈನ್ ಬದಲಾಯಿಸಬೇಕು.

ವಾಸ್ತು ನೋಡುವವರು ಈಶಾನ್ಯ ಬೇಡ ಅನ್ನುತ್ತಾರೆ, ಸರಿ. ಆದರೆ ದಿಕ್ಕಿಗಾಗಿ ಕೊಳಚೆ ಪೈಪನ್ನು ಮನೆಯ ನಡುವಿನಿಂದ, ನೆಲದಡಿ ಎಳೆಯಬೇಡಿ. ಒಂದು ದಿನ ಅದು ಕಟ್ಟಿಕೊಂಡರೆ ಹಾಲಿನ ನೆಲವನ್ನೇ ಒಡೆಯಬೇಕಾಗುತ್ತದೆ. ಹೊರಗೋಡೆಗೆ ತಾಗಿದ ಮೂಲೆಯಲ್ಲೇ ಒಪ್ಪುವ ದಿಕ್ಕು ಹುಡುಕಿ. ಪಕ್ಕದಲ್ಲಿ ಬಿಟ್ಟಿರುವ ಮೂರು ಅಡಿ ಜಾಗವನ್ನು ಮುಚ್ಚಿ ಬಾತ್‌ರೂಮ್ ಮಾಡುವುದೂ ಬೇಡ: ಸೆಟ್‌ಬ್ಯಾಕ್ ನಿಯಮ ಒಂದು ಕಡೆ, ಇದ್ದ ಚೇಂಬರುಗಳೆಲ್ಲ ಹೊಸ ನೆಲದಡಿ ಹೂತುಹೋಗುವುದು ಇನ್ನೊಂದು ಕಡೆ.

ಅಳತೆಗೆ 5×7 ಅಡಿ ಇಟ್ಟುಕೊಳ್ಳಿ. 4×7ಕ್ಕಿಂತ ಕಡಿಮೆಯಾದರೆ ಸ್ನಾನ ಮಾಡುವಾಗ ಕಮೋಡೆಲ್ಲ ನೆನೆಯುತ್ತದೆ. ಕಮೋಡಿನ ನಡುಗೆರೆಯಿಂದ ಪಕ್ಕದ ಗೋಡೆಗೆ 15 ಇಂಚು, ಮುಂದೆ 2 ಅಡಿ ಖಾಲಿ ಬೇಕು. ಬಾಗಿಲು ಎರಡೂವರೆ ಅಡಿ. ವಯಸ್ಸಾದವರಿಗೆ ಆದರೆ ಅದು ಹೊರಗೆ ತೆರೆಯಲಿ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾಗಿದ್ದರೆ ಒಳತೆರೆಯುವ ಬಾಗಿಲನ್ನು ತಳ್ಳಲು ಆಗುವುದಿಲ್ಲ.

ಮೂಲೆಗೆ ಎರಡು ಹೊಸ ಗೋಡೆ ಸಾಕು. ಒಟ್ಟು 12 ಅಡಿ ಉದ್ದ, 9 ಅಡಿ ಎತ್ತರ, ಬಾಗಿಲು ಕಳೆದರೆ ಸುಮಾರು 90 ಚದರ ಅಡಿ. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಯಾದರೆ ಹತ್ತಿರಹತ್ತಿರ 1,800 ಕಿಲೋ ತೂಗುತ್ತದೆ. ನಾಲ್ಕು ಇಂಚಿನ ಎಎಸಿ (ಹಗುರ ಕಾಂಕ್ರೀಟ್) ಬ್ಲಾಕಿನಲ್ಲಿ ಅದೇ ಗೋಡೆ 550 ಕಿಲೋ. 24×8 ಇಂಚು ಅಳತೆಯ 75 ಬ್ಲಾಕ್ ತರಿಸಿದರೆ ಒಡೆದದ್ದೂ ಸೇರಿ ಸಾಕಾಗುತ್ತದೆ. ನೆಲಮಹಡಿಯಲ್ಲೂ ಹಳೇ ನೆಲದ ಮೇಲೆ ನೇರವಾಗಿ ಕಟ್ಟಬೇಡಿ, ಒಂದು ಅಡಿ ಅಗಲದ ಪಟ್ಟಿ ಅಗೆದು 4 ಇಂಚು ಕಾಂಕ್ರೀಟ್ ಹಾಕಿ ಮೇಲೆ ಕಟ್ಟಿಸಿ. ರೆಡ್ ಆಕ್ಸೈಡ್ ನೆಲವಾದರೆ ಗ್ರೈಂಡರಿನಲ್ಲಿ ಗೆರೆ ಕೊಯ್ದು ಆಮೇಲೆ ಒಡೆಯಬೇಕು. ಸುತ್ತಿಗೆಯ ಏಟಿಗೆ ಬಿರುಕು ಕೋಣೆಯ ನಡುವಿನವರೆಗೂ ಓಡುತ್ತದೆ, ಹಳೇ ಕೆಂಪಿಗೆ ಹೊಂದುವ ತೇಪೆ ಸಿಗುವುದಿಲ್ಲ. ಹೊಸ ಗೋಡೆ ಹಳೇ ಗೋಡೆಗೆ ಕೂಡುವ ಗೆರೆಯಲ್ಲಿ ಬಿರುಕು ಬರುವುದು ಹೆಚ್ಚುಕಮ್ಮಿ ಖಚಿತ. ಎರಡು ವರಸೆಗೊಂದು 6 ಎಂಎಂ ಕಂಬಿಯನ್ನು ಹಳೇ ಗೋಡೆಗೆ ಡ್ರಿಲ್ ಮಾಡಿ ಕೂರಿಸಿ, ಪ್ಲಾಸ್ಟರಿಗೆ ಮೊದಲು ಆ ಗೆರೆಯುದ್ದಕ್ಕೂ ಕೋಳಿ ಮೆಶ್ ಹೊಡೆಸಿ.

ಇನ್ನೂ ಹಳೆಯ, ಮಣ್ಣಿನ ಗಾರೆಯಲ್ಲಿ ಕಟ್ಟಿದ ಗೋಡೆಗಳಿಗೆ ನೀರಿನ ಪೈಪಿಗಾಗಿ ಗಾಡಿ (ಗೋಡೆ ಕೊರೆದು ಮಾಡುವ ಕಾಲುವೆ) ಹೊಡೆಯಲೇಬಾರದು. ಒಂದು ಹನಿ ಸೋರಿಕೆ ಸಾಕು, ಒಳಗಿನ ಮಣ್ಣು ಕರಗಿ ಗೋಡೆ ಕೂರಲು ಶುರುವಾಗುತ್ತದೆ. ಅಲ್ಲಿ ಒಳಗಡೆ ಇನ್ನೊಂದು ಎಎಸಿ ಗೋಡೆ ಎಬ್ಬಿಸಿ, ಪೈಪೆಲ್ಲ ಅದರಲ್ಲೇ ಓಡಿಸಬೇಕು. ನಾಲ್ಕು ಇಂಚು ಜಾಗ ಹೋದರೂ ಚಿಂತೆಯಿಲ್ಲ.

ಕಮೋಡನ್ನು ಪೈಪ್ ಹಾಕುವ ಮೊದಲೇ ಕೊಳ್ಳಿ. ಪಿ-ಟ್ರ್ಯಾಪ್ ಕಮೋಡಿನ ಬಾಯಿ ಗೋಡೆಯ ಕಡೆ, ನೆಲದಿಂದ ಸುಮಾರು 7 ಇಂಚು ಮೇಲೆ ಇರುತ್ತದೆ; ಹೊರಗೋಡೆಯಲ್ಲಿ ನೇರವಾಗಿ ಆಚೆ ಬರುವುದರಿಂದ ನೆಲ ಅಗೆಯುವ ಕೆಲಸ ಉಳಿಯುತ್ತದೆ. ಹಳೇ ಮನೆಗೆ ನಮ್ಮ ಆಯ್ಕೆ ಇದೇ. ಬಾಯಿ ನೆಲದ ಕಡೆ ಇರುವ ಎಸ್-ಟ್ರ್ಯಾಪ್ ಆದರೆ ಗೋಡೆಯಿಂದ ಪೈಪಿನ ನಡುವಿಗೆ 9 ಇಂಚೋ 12 ಇಂಚೋ ಎಂದು ಕಮೋಡಿನ ಡಬ್ಬದ ಮೇಲೆ ಬರೆದಿರುತ್ತದೆ. ಅದು ಟೈಲ್ಸ್ ಮುಖದಿಂದ ಲೆಕ್ಕ. ಬರಿ ಇಟ್ಟಿಗೆಯಿಂದ ಅಳೆದು ಪೈಪ್ ಕೂರಿಸಿದರೆ, ಪ್ಲಾಸ್ಟರ್ ಟೈಲ್ಸ್ ಸೇರಿ ಒಂದೂವರೆ ಇಂಚು ಮುಂದೆ ಬಂದಾಗ ಕಮೋಡ್ ಕೂರುವುದೇ ಇಲ್ಲ.

ಪೈಪ್ ಹೊರಗೆ ಬರಲು ಪಾಯದ ಸೈಜು ಕಲ್ಲು ಅಡ್ಡ ಬಂದರೆ ಉಳಿ-ಸುತ್ತಿಗೆ ಬೇಡ, 5 ಇಂಚಿನ ಕೋರ್ ಕಟಿಂಗ್ ಮಾಡಿಸಿ. ತಿರುವಿನಲ್ಲಿ ಒಂದೇ 90 ಡಿಗ್ರಿ ಬೆಂಡ್ ಬದಲು ಎರಡು 45 ಹಾಕಿ, ಒಂದಕ್ಕೆ ಡೋರ್ (ಕಟ್ಟಿಕೊಂಡಾಗ ತೆಗೆಯುವ ಮುಚ್ಚಳ) ಇರಲಿ. ವೆಂಟ್ ಪೈಪನ್ನು (ಲೈನಿಗೆ ಗಾಳಿ ಕೊಡುವ ಪೈಪ್) ಮಾತ್ರ ಉಳಿತಾಯಕ್ಕೆಂದು ಕೈಬಿಡಬೇಡಿ. ಅದಿಲ್ಲದಿದ್ದರೆ ಫ್ಲಶ್ ಮಾಡಿದಾಗಲೆಲ್ಲ ಓಡುವ ನೀರು ಹಿಂದಿನಿಂದ ಗಾಳಿ ಎಳೆದು, ನಹಾನಿ ಟ್ರ್ಯಾಪಿನಲ್ಲಿ ನಿಂತ ನೀರನ್ನೂ ಹೀರುತ್ತದೆ. ಆ ನೀರೇ ವಾಸನೆಗೆ ತಡೆ. 75 ಎಂಎಂ ಪೈಪ್ ತಾರಸಿಗಿಂತ ಮೇಲೆ ಹೋಗಿ, ತುದಿಗೆ ಜಾಲರಿ ಟೋಪಿ ಇರಬೇಕು.

ಮೊದಲ ಮಹಡಿಯಲ್ಲಿ ಲೆಕ್ಕ ಬೇರೆ. ಹಳೇ ಆರ್‌ಸಿಸಿಯಲ್ಲಿ ಸಂಕನ್ ಸ್ಲ್ಯಾಬ್ (ಪೈಪ್ ಕೂರಲೆಂದು ತಗ್ಗಿಸಿ ಹಾಕಿದ ಸ್ಲ್ಯಾಬ್) ಇರುವುದಿಲ್ಲ, ನೆಲವನ್ನೇ ಎತ್ತರಿಸಬೇಕು. 35 ಚದರ ಅಡಿಗೆ 9 ಇಂಚು ಇಟ್ಟಿಗೆ ಚೂರು-ಸಿಮೆಂಟ್ ತುಂಬಿದರೆ ಸುಮಾರು 1,400 ಕಿಲೋ ಸ್ಲ್ಯಾಬಿನ ಮೇಲೆ ಕೂತಂತೆ. ಪಿ-ಟ್ರ್ಯಾಪ್ ಹಾಕಿ, ನಹಾನಿಯನ್ನು ಹೊರಗೋಡೆಗೆ ಅಂಟಿಸಿದಂತೆ ಇಟ್ಟರೆ 6 ಇಂಚಿನಲ್ಲಿ ಮುಗಿಯುತ್ತದೆ. ತುಂಬಲು ಎಎಸಿ ಚೂರು ಬಳಸಿ. ಕೆಳಗಿನ ಚಾವಣಿಯಲ್ಲಿ ಪ್ಲಾಸ್ಟರ್ ಉದುರಿ ಕಂಬಿ ತುಕ್ಕು ಕಾಣುತ್ತಿದ್ದರೆ ಸ್ಟ್ರಕ್ಚರಲ್ ಇಂಜಿನಿಯರ್ ನೋಡುವವರೆಗೆ ಒಂದು ಬ್ಲಾಕೂ ಇಡಬೇಡಿ. ಮರದ ತೊಲೆಯ ಮದ್ರಾಸ್ ತಾರಸಿಯ ಮೇಲಂತೂ ಬಾತ್‌ರೂಮ್ ಬೇಡವೇ ಬೇಡ.

ವಾಟರ್‌ಪ್ರೂಫಿಂಗ್‌ನಲ್ಲಿ ಅವಸರ ಬೇಡ. ನೆಲ-ಗೋಡೆ ಕೂಡುವ ಮೂಲೆಗೆ ಮೊದಲು ಸಿಮೆಂಟ್ ಗಾರೆಯಲ್ಲಿ ಗೋಲ ಕೊಡಬೇಕು. ಚೂಪು ಮೂಲೆಯಲ್ಲೇ ಕೋಟಿಂಗ್ ಹರಿಯುವುದು. ಮೇಲ್ಮೈ ಒದ್ದೆಯಿರಬೇಕು, ಆದರೆ ನೀರು ನಿಂತಿರಬಾರದು. ಪಾಲಿಮರ್ ಸಿಮೆಂಟ್ ಕೋಟಿಂಗನ್ನು ಮೊದಲು ಉದ್ದುದ್ದ, ಒಣಗಿದ ಮೇಲೆ ಎರಡನೆಯದನ್ನು ಅಡ್ಡಡ್ಡ ಬ್ರಶ್ ಮಾಡಿಸಿ. ಎಲ್ಲ ಗೋಡೆಗೆ ಒಂದು ಅಡಿ, ಶವರ್ ಬೀಳುವ ಕಡೆ 6 ಅಡಿ. ನಹಾನಿಯ ಕತ್ತಿನ ಸುತ್ತ ಬೆರಳಿನಿಂದ ಒತ್ತಿ ತುಂಬಬೇಕು, ಸೋರಿಕೆ ಹೆಚ್ಚಾಗಿ ಶುರುವಾಗುವುದು ಅಲ್ಲಿಂದ. ಪೂರ್ತಿ ಗಟ್ಟಿಯಾದ ಮೇಲೆ ನಹಾನಿಗೆ ಬಿರಡೆ ಹಾಕಿ 2 ಇಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗುರುತು ಹಾಕಿ, 48 ಗಂಟೆ ಬಿಡಿ. ಟೈಲ್ಸ್ ಆಮೇಲೆ. ನೆಲದ ವಾಟ ಐದು ಅಡಿಗೆ ಒಂದು ಇಂಚು, ನೆಲಮಹಡಿಯಲ್ಲಾದರೆ ಕೋಣೆಯ ನೆಲಕ್ಕಿಂತ ಬಾತ್‌ರೂಮ್ ಅರ್ಧ ಇಂಚು ತಗ್ಗು.

7 ಅಡಿ ಎತ್ತರಕ್ಕೆ ಟೈಲ್ಸ್ ಹಾಕಿದರೆ ಬಾಗಿಲು, ವೆಂಟಿಲೇಟರ್ ಕಳೆದು, ನೂರಕ್ಕೆ ಹತ್ತು ವೇಸ್ಟೇಜ್ ಸೇರಿ ಗೋಡೆಗೆ 162 ಚದರ ಅಡಿ: 12×18 ಇಂಚು ಅಳತೆಯಲ್ಲಿ 108 ಟೈಲ್ಸ್. ನೆಲಕ್ಕೆ 39 ಚದರ ಅಡಿ, ಜಾರದ ಮ್ಯಾಟ್ ಫಿನಿಶ್.

ನೀರಿಗೆ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನಿಂದ ಟೀ ತೆಗೆಯಬೇಡಿ, ಒಳಗೆ ತುಕ್ಕು ಕಟ್ಟಿ ಅರ್ಧ ಇಂಚಿನ ಪೈಪಿನಲ್ಲಿ ಕಡ್ಡಿಯಷ್ಟೇ ದಾರಿ ಉಳಿದಿರುತ್ತದೆ. ಟ್ಯಾಂಕಿನಿಂದಲೇ 1 ಇಂಚಿನ ಹೊಸ ಲೈನ್ ಇಳಿಸಿ, ಒಳಗೆ ಮುಕ್ಕಾಲು ಇಂಚು ಸಿಪಿವಿಸಿ (ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪ್). ಅದಕ್ಕೆ ಸಿಪಿವಿಸಿಯದೇ ಸಲ್ಯೂಶನ್ ಬೇಕು. ಪಿವಿಸಿ ಗಮ್ ಹಚ್ಚಿದರೆ ಬಿಸಿನೀರಿಗೆ ಜಾಯಿಂಟ್ ಬಿಡುತ್ತದೆ.

ಗೀಸರಿಗೆ ಮೇನ್ ಬೋರ್ಡಿನಿಂದ ಪ್ರತ್ಯೇಕ ವೈರು. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪ್ಸ್ ಎಳೆಯುತ್ತದೆ, 3 ಕಿಲೋವ್ಯಾಟಿನದು 13. ಪಿಂಗಾಣಿ ಫ್ಯೂಸಿನ ಹಳೇ ಬೋರ್ಡ್ ಇದ್ದರೆ ಅದನ್ನು ತೆಗೆಸಿ, 4 ಚದರ ಎಂಎಂ ತಾಮ್ರದ ವೈರು, ಎಂಸಿಬಿ, 30 ಮಿಲಿಆಂಪ್ಸ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿಸಿ, ಅರ್ತ್ ಸರಿಯಿದೆಯೇ ಪರೀಕ್ಷಿಸಿ. ಹಳೇ ಮೀಟರಿನ ಮಂಜೂರಾದ ಲೋಡ್ ಒಂದೆರಡು ಕಿಲೋವ್ಯಾಟ್ ಅಷ್ಟೇ ಇರಬಹುದು. ಬಿಲ್ಲಿನಲ್ಲಿ ನೋಡಿ, ಕಡಿಮೆಯಿದ್ದರೆ ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಿ.

ಟೈಲ್ಸ್ ಮುಚ್ಚುವ ಮೊದಲು ಪ್ರತಿ ಗೋಡೆಯ ಫೋಟೋವನ್ನು ಟೇಪ್ ಹಿಡಿದು ತೆಗೆದಿಟ್ಟುಕೊಳ್ಳಿ. ಮುಂದೆ ಹಿಡಿಕೆ ಕೂರಿಸಲು ಡ್ರಿಲ್ ಹಾಕುವಾಗ ಪೈಪ್ ಎಲ್ಲಿದೆ ಅಂತ ಗೊತ್ತಿರುತ್ತದೆ. ಇನ್ನು, ಹೊಸ ಬಾತ್‌ರೂಮ್ ನೆಂಟರು ಬಂದಾಗ ಮಾತ್ರ ಬಳಕೆಯಾಗುವುದಾದರೆ ಬೇಸಿಗೆಯಲ್ಲಿ ನಹಾನಿ ನೀರು ಆರಿಹೋಗುತ್ತದೆ. ವಾರಕ್ಕೊಮ್ಮೆ ಎರಡು ಚೊಂಬು ನೀರು ಹಾಕಿ, ಒಂದು ಸಲ ಫ್ಲಶ್ ಮಾಡಿ.